ಗೇಣೆತ್ತರ ಹಾರುವವನು

ನಮ್ಮೂರಿನ ಟಾಕೀಸಿನ ಒಳಗೆ ಹೋಗುವುದು ಸುಲಭ, ಹೊರಗೆ ಬರುವುದೇ ಕಷ್ಟ. ಸಿನಿಮಾ ಮುಗಿದ ಮೇಲೆ ಮುಂಬಾಗಿಲಿನ ಎದುರು ಒಬ್ಬೊಬ್ಬರಾಗಿ ನಿಂತು, ಸಿನಿಮಾ ಹೇಗಿತ್ತು ಅಂತ ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಬೇಕು. ಹೇಳಿದ್ದು ನಿಜವಾದರೆ ಬಾಗಿಲು ತೆರೆದುಕೊಳ್ಳುತ್ತದೆ, ಆ ಒಬ್ಬರು ದಾಟಿದ ಮೇಲೆ ಮತ್ತೆ ಮುಚ್ಚಿಕೊಳ್ಳುತ್ತದೆ. ಹೇಳಿದ್ದು ಸುಳ್ಳಾದರೆ ಆನೆ ತಂದು ನೂಕಿಸಿದರೂ ಅಲ್ಲಾಡುವುದಿಲ್ಲ. ಮುಂದಿನವರ ಜೊತೆ ನುಸುಳಿ ಹೋಗೋಣ ಅಂತ ನೋಡಿದವರ ಪಂಚೆಯ ಚುಂಗು ಬಾಗಿಲಿಗೆ ಸಿಕ್ಕಿಕೊಂಡು ಊರ ಮುಂದೆ ಮಾನ ಹೋಗಿದ್ದುಂಟು.

ನಮ್ಮ ಜನ ಇದಕ್ಕೆ ಹೊಂದಿಕೊಂಡು ಎಷ್ಟೋ ಕಾಲವಾಯಿತು. ಐದೂವರೆಯ ಬಸ್ಸು ಹಿಡಿಯಬೇಕಾದವರು ಇಂಟರ್ವಲ್ ಹೊತ್ತಿಗೇ ಒಂದು ಅಭಿಪ್ರಾಯ ಸಿದ್ಧ ಮಾಡಿಟ್ಟುಕೊಳ್ಳುತ್ತಾರೆ. ಮಕ್ಕಳನ್ನು ಸಾಲಿನಲ್ಲಿ ಮುಂದೆ ಬಿಡುತ್ತಾರೆ, ಯಾಕೆಂದರೆ ಮಕ್ಕಳದ್ದು ಎರಡೇ ಮಾತು, ಎರಡೂ ನಿಜ. ಹೊಸದಾಗಿ ಮದುವೆಯಾದ ಹುಡುಗನಿಗೆ ಮನೆಯ ಹಿರಿಯರು ಹೇಳಿ ಕಳಿಸುತ್ತಾರೆ, ಅವಳಿಗೆ ಇಷ್ಟವಾಯಿತು ಅಂತ ನೀನೂ ಇಷ್ಟವಾಯಿತು ಅನ್ನಬೇಡ, ಒಳಗೇ ಉಳಿದುಬಿಡುತ್ತೀಯ ಅಂತ. 'ಪರವಾಗಿಲ್ಲ' ಅನ್ನುವ ಮಾತಿಗಂತೂ ಆ ಬಾಗಿಲು ಈವರೆಗೆ ಒಂದು ಸಲವೂ ತೆರೆದಿಲ್ಲ. ಬೇರೆ ಊರಿನಿಂದ ಬಂದಿದ್ದ ಒಬ್ಬ ಸಾಹೇಬರು ಪರವಾಗಿಲ್ಲ, ಪರವಾಗಿಲ್ಲ ಅನ್ನುತ್ತಲೇ ಮಾರನೆಯ ದಿನದ ಮ್ಯಾಟಿನಿಯವರೆಗೂ ಒಳಗಿದ್ದರು. ಹಾಗೆ ಸಿಕ್ಕಿಕೊಂಡವರಿಗಾಗಿಯೇ ಬಾಗಿಲ ಪಕ್ಕ ಒಂದು ಕಲ್ಲುಬೆಂಚು ಇದೆ. ಹೊರಗಡೆ ಜಗಲಿಯಲ್ಲಿ ಕೂತು ಮಜ್ಜಿಗೆ, ಮಂಡಕ್ಕಿ ಮಾರುವ ದ್ಯಾವಮ್ಮ ಕಿಟಕಿ ಸರಳಿನ ನಡುವೆ ಲೋಟ ತೂರಿಸಿ ಕೊಡುತ್ತಾಳೆ. ಕುಡಿದು, ಯೋಚನೆ ಮಾಡಿ, ನಿಜ ನೆನಪಾದ ಮೇಲೆ ಎದ್ದು ಹೋಗುತ್ತಾರೆ.

ಈ ಟಾಕೀಸಿನಲ್ಲಿ ನಾನು ಹೇಳುವವನು. ಹೆಸರು ವಿರೂಪಾಕ್ಷ, ಊರಿಗೆಲ್ಲ ವಿರುಪಣ್ಣ. ನಮ್ಮಲ್ಲಿಗೆ ಯಾವ ಯಾವುದೋ ದೇಶದ ಸಿನಿಮಾ ಬರುತ್ತದೆ, ಪರದೆಯ ಮೇಲೆ ಬಂದವರು ಅವರವರ ಭಾಷೆಯಲ್ಲಿ ಮಾತಾಡುತ್ತಾರೆ. ನಾನು ಪರದೆಯ ಪಕ್ಕ ಸ್ಟೂಲಿನ ಮೇಲೆ ಮೈಕು ಹಿಡಿದು ಕೂತು, ಅವರು ಏನೇನು ಅಂದರು ಅಂತ ಕನ್ನಡದಲ್ಲಿ ಹೇಳುತ್ತೇನೆ. ಗಂಡಿಗೆ ಗಂಡು ದನಿ, ಹೆಣ್ಣಿಗೆ ಹೆಣ್ಣು ದನಿ, ಕುದುರೆಗೆ ಕುದುರೆ ದನಿ. ವಿದೇಶದ ಹೆಸರುಗಳು ಜನರ ಬಾಯಿಗೆ ಬರುವುದಿಲ್ಲ ಅಂತ ಎಲ್ಲರಿಗೂ ನಮ್ಮ ಕಡೆಯ ಹೆಸರಿಡುತ್ತೇನೆ. ಮೂವತ್ತೊಂದು ವರ್ಷ ಈ ಕೆಲಸ ಮಾಡಿದ್ದೇನೆ. ನನಗೆ ಹನ್ನೊಂದು ಭಾಷೆ ಬರುತ್ತದೆ ಅಂತ ಊರಿನ ನಂಬಿಕೆ, ಹಾಗಂತ ನಂಬಿಸಿದವನು ನಾನೇ. ಕೆಲಸ ಕೇಳಲು ಹೋದಾಗ ಟಾಕೀಸಿನ ಯಜಮಾನರು ಎಷ್ಟು ಭಾಷೆ ಬರುತ್ತೆ ಅಂದರು. ಒಂದು ಅಂದರೆ ಕೆಲಸ ಸಿಗುವುದಿಲ್ಲ, ಹತ್ತು ಅಂದರೆ ಸುಳ್ಳು ಅಂತ ಗೊತ್ತಾಗುತ್ತದೆ, ಅದಕ್ಕೇ ಹನ್ನೊಂದು ಅಂದೆ. ದೇವರಾಣೆ, ನನಗೆ ಬರುವುದು ಕನ್ನಡ ಒಂದೇ.

ಇಂಥವನು ಆ ಬಾಗಿಲಿನಿಂದ ಹೇಗೆ ಪಾರಾದೆ ಅಂತ ಕೇಳಬಹುದು. ಪರದೆಯ ಹಿಂದೆ ಒಂದು ಸಣ್ಣ ಬಾಗಿಲು, ಅದರಾಚೆ ಹಿಂದಿನ ಓಣಿಗೆ ಇಳಿಯುವ ಮರದ ಮೆಟ್ಟಿಲು. ಆ ಬಾಗಿಲು ಯಾರನ್ನೂ ಏನೂ ಕೇಳುವುದಿಲ್ಲ. ಅದರ ಬೀಗದ ಕೈ ನನ್ನ ಹತ್ತಿರ. ಪ್ರೊಜೆಕ್ಟರ್ ನೋಡಿಕೊಳ್ಳುವ ದಸ್ತಗಿರಿ ಕೂಡ ದಿನಾ ಮುಂಬಾಗಿಲಿಗೇ ಹೋಗಿ, ರೀಲು ಹರೀಲಿಲ್ಲ, ನನಗೆ ಅಷ್ಟೇ ಸಾಕು ಅಂತ ಹೇಳಿ ದಾಟುತ್ತಿದ್ದ. ನಾನು ಮಾತ್ರ ಕತೆ ಹೇಳಿ ದಣಿದವನ ಹಾಗೆ ಮುಖ ಮಾಡಿಕೊಂಡು ಹಿಂದಿನ ಮೆಟ್ಟಿಲು ಇಳಿದು ಮನೆಗೆ ಹೋಗುತ್ತಿದ್ದೆ. ಬಡಿಸುವವನನ್ನು ಊಟ ಹೇಗಿತ್ತು ಅಂತ ಯಾರು ಕೇಳುತ್ತಾರೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಹೀಗಿರುವಾಗ ಫ್ರೆಂಚ್ ಸಿನಿಮಾ ಬಂತು. ಪೋಸ್ಟರಿನಲ್ಲಿ ಒಬ್ಬ ನರಪೇತಲ ಮನುಷ್ಯ, ಪ್ಯಾಂಟಿನ ಮೇಲೆ ಚಡ್ಡಿ ಹಾಕಿಕೊಂಡು, ಬೆನ್ನಿಗೆ ಕೆಂಪು ಬಟ್ಟೆ ಕಟ್ಟಿಕೊಂಡು, ಕೈ ಮುಂದೆ ಚಾಚಿ ನಿಂತಿದ್ದ. ಪದ್ಧತಿಯ ಪ್ರಕಾರ ಗುರುವಾರ ಮಧ್ಯಾಹ್ನ ನಾನೂ ದಸ್ತಗಿರಿಯೂ ಒಂದು ಸಲ ಓಡಿಸಿ ನೋಡಿದೆವು. ಅವನು ಬಟ್ಟೆ ತೊಳೆಯುವ ಅಂಗಡಿಯಲ್ಲಿ ಕೆಲಸಕ್ಕಿರುವವನು. ಅವನಿಗೆ ಹಾರಲು ಬರುತ್ತದೆ, ಆದರೆ ನೆಲದಿಂದ ಒಂದೇ ಗೇಣು ಎತ್ತರ. ಮರದ ಮೇಲೆ ಸಿಕ್ಕಿಕೊಂಡ ಬೆಕ್ಕನ್ನು ಇಳಿಸಲು ಹೋಗುತ್ತಾನೆ, ಕೈಗೆಟುಕುವುದಿಲ್ಲ, ಬೆಕ್ಕೇ ಬೇಸತ್ತು ಅವನ ತಲೆ ಮೇಲೆ ನೆಗೆದು ಇಳಿಯುತ್ತದೆ. ಬೆಂಕಿ ಬಿದ್ದ ಮನೆಯ ಕಡೆಗೆ ಹಾರುತ್ತಾನೆ, ಕೋಲೂರಿಕೊಂಡು ಹೋಗುತ್ತಿದ್ದ ಒಬ್ಬ ಮುದುಕಿ ಅವನನ್ನು ಹಿಂದೆ ಹಾಕಿ ಹೋಗುತ್ತಾಳೆ. ಕೆಂಪು ಬಟ್ಟೆ ಬಸ್ಸಿನ ಬಾಗಿಲಿಗೆ ಸಿಕ್ಕಿಕೊಂಡು ಬಸ್ಸು ಅವನನ್ನು ಊರೆಲ್ಲ ಎಳೆದಾಡುತ್ತದೆ. ಕಬ್ಬಿಣದ ಮೀಸೆಯ ಒಬ್ಬ ದುಷ್ಟ ಊರಿನ ಬೀದಿದೀಪಗಳನ್ನೆಲ್ಲ ಕದಿಯುತ್ತಾನೆ. ನಡುವೆ ಒಂದು ಆಸ್ಪತ್ರೆಯ ದೃಶ್ಯ. ಹಾಸಿಗೆ ಹಿಡಿದ ಮುದುಕಿಯೊಬ್ಬಳು ಇವನ ಕೈ ಹಿಡಿದು ಕಿವಿಯಲ್ಲಿ ಏನೋ ಹೇಳುತ್ತಾಳೆ, ಇವನು ಮುಖ ಮುಚ್ಚಿಕೊಂಡು ಅಳುತ್ತಾನೆ.

ಅದು ನಗಿಸುವ ಸಿನಿಮಾ, ಹಾರುವ ಧೀರರನ್ನೆಲ್ಲ ಅಣಕ ಮಾಡಲು ತೆಗೆದದ್ದು ಅಂತ ನನಗೆ ಹೊಳೆಯಲೇ ಇಲ್ಲ. ಅಣಕ ಅಂತ ಗೊತ್ತಾಗಬೇಕಾದರೆ ಅಸಲು ಗೊತ್ತಿರಬೇಕಲ್ಲ, ನಮ್ಮೂರಿಗೆ ಹಾರುವ ಧೀರರ ಅಸಲು ಸಿನಿಮಾ ಒಂದೂ ಬಂದಿರಲಿಲ್ಲ. ನನಗೆ ಕಂಡದ್ದು ಒಬ್ಬ ಪಾಪದ ಮನುಷ್ಯ, ಎಲ್ಲರಿಗೂ ಒಳ್ಳೆಯದು ಮಾಡಲು ಹೋಗುತ್ತಾನೆ, ಒಂದೂ ಕೈಗೂಡುವುದಿಲ್ಲ. ಅವನಿಗೆ ಮುದ್ದರಂಗ ಅಂತ ಹೆಸರಿಟ್ಟೆ. ಆಸ್ಪತ್ರೆಯ ಮುದುಕಿಯನ್ನು ಅವನ ತಾಯಿ ಮಾಡಿದೆ. ಗುರುವಾರ ಮನೆಯಲ್ಲಿ ಊಟಕ್ಕೆ ಕೂತಾಗ ಆ ತಾಯಿ ಏನು ಹೇಳಿರಬಹುದು ಅಂತ ಯೋಚಿಸುವಷ್ಟರಲ್ಲಿ ಸಾರು ತಣ್ಣಗಾಯಿತು. ಕೈ ತೊಳೆಯುವಾಗ ಮಾತು ಸಿಕ್ಕಿತು.

ಶುಕ್ರವಾರ ಆ ದೃಶ್ಯ ಬಂದಾಗ ಮೈಕನ್ನು ತುಟಿಯ ಹತ್ತಿರ ತಂದು ಹೇಳಿದೆ. "ಮಗನೇ ಮುದ್ದರಂಗ, ನೆಲ ಬಿಟ್ಟು ಜಾಸ್ತಿ ಎತ್ತರ ಹೋಗ್ಬೇಡ ಕಣಪ್ಪ. ನೀನು ಬಿದ್ರೆ ಹಿಡಿಯೋಕೆ ಇನ್ಮೇಲೆ ನಾನಿರಲ್ಲ." ಟಾಕೀಸಿನಲ್ಲಿ ಮೂಗು ಒರೆಸುವ ಸದ್ದು. ಅಲ್ಲಿಂದ ಮುಂದೆ ಅವನು ಗೇಣೆತ್ತರದಲ್ಲಿ ಹಾರಿದಾಗಲೆಲ್ಲ ಹೆಂಗಸರು ಸೆರಗಿಗೆ ಕೈ ಹಾಕಿದರು. ಆದರೆ ಅದೇ ಹೊತ್ತಿಗೆ ಅರ್ಧ ಟಾಕೀಸು ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ನನಗೆ ರೇಗಿತು. ತಾಯಿ ಸತ್ತವನನ್ನು ನೋಡಿ ನಗುತ್ತೀರಲ್ಲ, ನಿಮಗೆ ತಾಯಿ ಇಲ್ಲವಾ ಅಂತ ಮೈಕಿನಲ್ಲೇ ಬೈದೆ. ನಗು ಇನ್ನೂ ಜಾಸ್ತಿಯಾಯಿತು.

ಆ ದಿನ ಬಾಗಿಲಲ್ಲಿ ಕೇಳಿದ ಅಭಿಪ್ರಾಯಗಳನ್ನು ದ್ಯಾವಮ್ಮ ಇಂದಿಗೂ ಹೇಳಿ ನಗುತ್ತಾಳೆ. ಟೈಲರ್ ಖಾಸೀಂ ಸಾಹೇಬರು, ಬೆನ್ನಿಗೆ ಕಟ್ಟಿದ ಬಟ್ಟೆಗೆ ಅಂಚೇ ಹೊಲಿದಿಲ್ಲ, ನನಗೆ ಬೇರೇನೂ ಕಾಣಿಸಲಿಲ್ಲ ಅಂದರು, ಬಾಗಿಲು ತೆರೆಯಿತು. ಅಂಚೆಯಣ್ಣ, ಗೇಣೆತ್ತರ ಹಾರಲು ಬಂದಿದ್ದರೆ ನನ್ನ ಮಂಡಿ ಉಳಿಯುತ್ತಿತ್ತು, ಹೊಟ್ಟೆಕಿಚ್ಚಾಯಿತು ಅಂದ, ತೆರೆಯಿತು. ಒಬ್ಬಳು ಪುಟ್ಟ ಹುಡುಗಿ ಬೆಕ್ಕು ಚೆನ್ನಾಗಿತ್ತು ಅಂದಳು, ತೆರೆಯಿತು. ಇಡ್ಲಿ ಹೋಟೆಲಿನ ಓಬಳೇಶ, ನಾನು ಜನ್ಮದಲ್ಲಿ ಇಷ್ಟು ನಕ್ಕಿಲ್ಲ, ಇದು ಶುದ್ಧ ತಮಾಷೆ ಅಂದ, ಬಾಗಿಲು ತೆರೆಯಿತು. ಅವನ ಹಿಂದೆಯೇ ನಿಂತಿದ್ದ ಹೆಂಡತಿ ಸಾವಂತ್ರಿ, ಇದು ಕರುಳು ಕಿತ್ತುಬರುವ ಕತೆ, ಇದನ್ನು ನೋಡಿ ನಕ್ಕವರು ಮನುಷ್ಯರೇ ಅಲ್ಲ ಅಂದಳು. ಅದಕ್ಕೂ ಬಾಗಿಲು ತೆರೆಯಿತು.

ಅಲ್ಲಿಂದ ಶುರುವಾಯಿತು ನೋಡಿ. ಹಿಂದೆಲ್ಲ ಒಬ್ಬರಿಗೆ ಇಷ್ಟವಾದದ್ದು ಇನ್ನೊಬ್ಬರಿಗೆ ಇಷ್ಟವಾಗದೆ ಇದ್ದದ್ದುಂಟು, ಆದರೆ ಒಂದೇ ಸಿನಿಮಾ ಅರ್ಧ ಊರಿಗೆ ತಮಾಷೆ, ಅರ್ಧ ಊರಿಗೆ ಗೋಳು ಆದದ್ದು ಅದೇ ಮೊದಲು. ಶನಿವಾರ ಓಬಳೇಶನ ಹೋಟೆಲಿನಲ್ಲಿ ಇಡ್ಲಿ ಇತ್ತು, ಚಟ್ನಿ ಇರಲಿಲ್ಲ. ಚಟ್ನಿ ರುಬ್ಬುವವಳು ಸಾವಂತ್ರಿ, ಅತ್ತವರಿಗೆ ಮಾತ್ರ ಚಟ್ನಿ ಅಂತ ಕೂತಿದ್ದಳು. ಕ್ಷೌರದ ಅಂಗಡಿಯಲ್ಲಿ ಅರ್ಧ ಗಡ್ಡಕ್ಕೆ ಜಗಳವಾಗಿ ಒಬ್ಬರು ಇನ್ನರ್ಧ ಸೋಪಿನ ಸಮೇತ ಎದ್ದು ಹೋದರು. ನಕ್ಕವರು ಅತ್ತವರನ್ನು ಪೆದ್ದರು ಅಂದರು, ಅತ್ತವರು ನಕ್ಕವರನ್ನು ಕಟುಕರು ಅಂದರು. ಬಾಗಿಲು ಇಬ್ಬರನ್ನೂ ಬಿಟ್ಟಿದೆಯಲ್ಲ ಅಂತ ಯಾರಾದರೂ ಹೇಳಲು ಹೋದರೆ ಇಬ್ಬರೂ ಸೇರಿ ಅವರ ಮೇಲೆ ಬೀಳುತ್ತಿದ್ದರು.

ಶನಿವಾರ ಸಂಜೆ ಯಜಮಾನರಾದ ಗುರುಬಸಪ್ಪನವರು ನನ್ನನ್ನು ಕರೆಸಿದರು. ಒಳ್ಳೆಯ ಮನುಷ್ಯ, ಯಾರ ಮನಸ್ಸೂ ನೋಯಿಸುವವರಲ್ಲ, ಅದಕ್ಕೇ ಅವರ ಮಾತು ಜಾಸ್ತಿ ನೋಯಿಸುತ್ತದೆ. ನಿಜವಾಗಿ ಅದು ಏನು ಸಿನಿಮಾ ಅಂತ ತೀರ್ಮಾನ ಆಗಬೇಕು, ಇಲ್ಲದಿದ್ದರೆ ಊರು ಒಡೆಯುತ್ತದೆ ಅಂದರು. ಮೇಲಿನ ಕೇರಿಗೆ ಅಗ್ನೇಸಮ್ಮ ಅಂತ ಒಬ್ಬ ನರ್ಸಮ್ಮ ಬಂದಿದ್ದಾರಂತೆ, ಹಿಂದೆ ಫ್ರೆಂಚರಿದ್ದ ಯಾವುದೋ ಕಡಲಂಚಿನ ಊರಿನ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತಿಯಾಗಿ ತಮ್ಮನ ಮನೆಗೆ ಬಂದವರು, ನೀರು ಕುಡಿದಷ್ಟು ಸಲೀಸಾಗಿ ಫ್ರೆಂಚ್ ಮಾತಾಡುತ್ತಾರಂತೆ. ಭಾನುವಾರದ ಮ್ಯಾಟಿನಿಗೆ ಅವರನ್ನು ಕರೆದಿದ್ದೇನೆ, ಅವರು ಬಾಗಿಲಲ್ಲಿ ಏನು ಹೇಳುತ್ತಾರೋ ಅದೇ ಕೊನೆ ಅಂದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ, "ಇನ್ನೂ ಚೆನ್ನಾಗಿ ಗೊತ್ತಿರೋರು ಬಂದ ಮೇಲೆ ಅವರೇ ಆ ಸ್ಟೂಲಿನ ಮೇಲೆ ಕೂತರೆ ಒಳ್ಳೇದಲ್ವಾ ವಿರುಪಣ್ಣ? ನಿಮಗೂ ವಯಸ್ಸಾಯ್ತು," ಅಂದರು.

ನನ್ನ ಹೆಂಡತಿ ಹೋಗಿ ಒಂಬತ್ತು ವರ್ಷವಾಯಿತು, ಮಕ್ಕಳಿಲ್ಲ. ಆ ಸ್ಟೂಲು ಒಂದೇ ನನ್ನದು ಅಂತ ಇದ್ದದ್ದು. ಅದರ ಮೇಲೆ ಕೂತರೆ ನಾನು ರಾಜ, ಕಳ್ಳ, ಅತ್ತೆ, ಸೊಸೆ ಎಲ್ಲವೂ ಆಗುತ್ತೇನೆ, ಇಳಿದರೆ ಸೊಂಟ ನೋವಿನ ಒಬ್ಬ ಮುದುಕ. ಇದರ ಮೇಲೆ ಇನ್ನೊಂದು ಸುದ್ದಿ ಹೇಳಿದರು. ಪರದೆ ಹಿಂದಿನ ಮರದ ಮೆಟ್ಟಿಲಿಗೆ ಗೆದ್ದಲು ಹಿಡಿದಿದೆ, ನಾಳೆ ಬೆಳಿಗ್ಗೆ ಬಡಗಿ ಬಂದು ಕಿತ್ತುಹಾಕುತ್ತಾನೆ, ಹೊಸದು ಬರಲು ವಾರ ಬೇಕು, ಅಲ್ಲಿಯವರೆಗೆ ನೀವೂ ಮುಂಬಾಗಿಲಿನಿಂದಲೇ ಹೋಗಿ ಅಂದರು. ಮೆಟ್ಟಿಲಿಲ್ಲದೆ ಹಿಂಬಾಗಿಲಿನಿಂದ ಓಣಿಗೆ ಎರಡಾಳು ಎತ್ತರ. ಏಣಿ ಕೇಳೋಣವೆಂದರೆ ಯಾಕೆ ಅಂತ ಕೇಳುತ್ತಾರೆ. ಬಂದದ್ದೆಲ್ಲ ಬರಲಿ ಅಂತ ಸುಮ್ಮನಾದೆ.

ಭಾನುವಾರ ಟಾಕೀಸು ತುಂಬಿ ತುಳುಕುತ್ತಿತ್ತು. ಎಡಗಡೆ ಅತ್ತವರು, ಬಲಗಡೆ ನಕ್ಕವರು, ನಡುವೆ ಮೂರನೆಯ ಸಾಲಿನಲ್ಲಿ ಅಗ್ನೇಸಮ್ಮ. ಬಿಳಿ ಸೀರೆ, ಚಿಕ್ಕ ನೀಲಿ ಅಂಚು, ತೊಡೆಯ ಮೇಲೆ ಕೈಚೀಲ. ಮುಖ ನೋಡಿದರೆ ಇಂಜೆಕ್ಷನ್ ಕೊಡುವ ಮುಂಚೆ ಏನೂ ಆಗಲ್ಲ ಅನ್ನುವವರ ಮುಖ. ನಾನು ಶುರು ಮಾಡಿದೆ. ಐದನೆಯ ನಿಮಿಷಕ್ಕೇ ಆಯಮ್ಮ ಫಕ್ಕನೆ ನಕ್ಕರು. ನಾನು ಮುದ್ದರಂಗನ ಬಡತನ ಹೇಳುತ್ತಿದ್ದೆ. ಬಸ್ಸಿನ ದೃಶ್ಯದಲ್ಲಿ ಅವರು ಕಣ್ಣೊರೆಸಿಕೊಂಡು ನಕ್ಕರು. ಹೇಗೂ ಸಿಕ್ಕಿಬಿದ್ದಾಗಿದೆ, ಈಗಲೇ ಹೊರಳಿಸಿ ತಮಾಷೆ ಮಾಡಿಬಿಡಲಾ ಅಂತ ಒಂದು ಗಳಿಗೆ ಅನ್ನಿಸಿತು. ಅಷ್ಟರಲ್ಲಿ ಆಸ್ಪತ್ರೆ ಬಂತು. ಎಡಗಡೆಯವರೆಲ್ಲ ಮುಂದಕ್ಕೆ ಬಾಗಿದರು, ಸಾವಂತ್ರಿ ಸೆರಗು ಸಿದ್ಧ ಮಾಡಿಕೊಂಡು ಕೂತಿದ್ದಳು. ಆ ತಾಯಿಯ ಮಾತನ್ನು ನನಗೆ ಬಿಡಲಾಗಲಿಲ್ಲ. ಶುಕ್ರವಾರಕ್ಕಿಂತ ಮೆಲ್ಲಗೆ, ಒಂದೊಂದೇ ಪದ ನಿಲ್ಲಿಸಿ ನಿಲ್ಲಿಸಿ ಹೇಳಿದೆ. ಅಗ್ನೇಸಮ್ಮ ಮೊದಲು ಪರದೆ ನೋಡಿ ನಗಲು ಬಾಯಿ ತೆರೆದವರು ನನ್ನ ಕಡೆ ತಿರುಗಿದರು. ಆಮೇಲೆ ಸಿನಿಮಾ ಮುಗಿಯುವವರೆಗೂ ನನ್ನನ್ನೇ ನೋಡುತ್ತಿದ್ದರು. ಅದು ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯಲಿಲ್ಲ.

ಸಿನಿಮಾ ಮುಗಿದಾಗ ಸಾಲು ತಾನಾಗಿಯೇ ಸರಿದು ಅಗ್ನೇಸಮ್ಮನಿಗೆ ದಾರಿ ಬಿಟ್ಟಿತು. ಅವರು ಬಾಗಿಲ ಮುಂದೆ ನಿಂತರು, ಒಮ್ಮೆ ಹಿಂದೆ ತಿರುಗಿ ನನ್ನ ಮುಖ ನೋಡಿದರು. ನನ್ನ ಮುಖದಲ್ಲಿ ಏನು ಕಂಡಿತೋ ಏನೋ. "ಸಿನಿಮಾ ಚೆನ್ನಾಗಿತ್ತು. ಇವರು ಹೇಳಿದ್ದೆಲ್ಲ ಅದರಲ್ಲಿ ಹಾಗೇ ಇದೆ," ಅಂದರು.

ಬಾಗಿಲು ಅಲ್ಲಾಡಲಿಲ್ಲ.

ಅಯ್ಯೋ ಪುಣ್ಯಾತ್ಗಿತ್ತಿ. ಊರಿಗೆ ಹೊಸಬರು, ಬಾಗಿಲಿನ ಸ್ವಭಾವ ಕೇಳಿ ಗೊತ್ತಿತ್ತೇ ಹೊರತು ನೋಡಿ ಗೊತ್ತಿರಲಿಲ್ಲ. ನನ್ನನ್ನು ಉಳಿಸಲು ಹೋಗಿ ನಾನೂರು ಜನರ ಮುಂದೆ ಬಯಲು ಮಾಡಿಬಿಟ್ಟರು. ಗುರುಬಸಪ್ಪನವರು ಮತ್ತೆ ಕನ್ನಡಕ ಒರೆಸತೊಡಗಿದರು. ಅಗ್ನೇಸಮ್ಮ ತುಂಬ ಹೊತ್ತು ಬಾಗಿಲನ್ನೇ ನೋಡಿ, ಕೊನೆಗೆ ಸಣ್ಣ ದನಿಯಲ್ಲಿ, ಅದು ನಗಿಸುವುದಕ್ಕೆ ಮಾಡಿದ ಸಿನಿಮಾ, ನಾನು ನಕ್ಕೆ, ಇವರು ಹೇಳಿದ ಒಂದು ಮಾತೂ ಅದರಲ್ಲಿ ಇಲ್ಲ ಅಂದರು. ಗಟ್ಟಿಯಾಗಿ ಹೇಳಿ ಅಮ್ಮ, ಬಾಗಿಲಿಗೆ ಕೇಳಿಸಿಲ್ಲ ಅಂದಳು ಹೊರಗಿನಿಂದ ದ್ಯಾವಮ್ಮ. ಎರಡನೆಯ ಸಲ ಹೇಳಿದಾಗ ಬಾಗಿಲು ತೆರೆಯಿತು. ಅವರು ತಲೆ ತಗ್ಗಿಸಿಕೊಂಡು ದಾಟಿದರು.

ಉಳಿದವರು ಒಬ್ಬೊಬ್ಬರಾಗಿ ಹೇಳಿ ಹೊರಟರು. ಹೇಳುತ್ತಿದ್ದದ್ದು ಬಾಗಿಲಿಗಾದರೂ ಓರೆಗಣ್ಣು ನನ್ನ ಮೇಲೆ. ಕೊನೆಗೆ ನಾನೊಬ್ಬನೇ ಉಳಿದೆ. ಹೊರಗೆ ಯಾರೂ ಮನೆಗೆ ಹೋಗಿರಲಿಲ್ಲ, ಕಿಟಕಿ ಸರಳಿನಾಚೆ ಮುಖಗಳೇ ಮುಖಗಳು. ಮೂವತ್ತೊಂದು ವರ್ಷ ಮುಚ್ಚಿಟ್ಟದ್ದನ್ನು ಇನ್ನೂ ಎಲ್ಲಿ ಇಟ್ಟುಕೊಳ್ಳಲಿ. ಎರಡು ಕೈಯನ್ನೂ ಮುಗಿದು ಹೇಳಿದೆ. "ನನಗೆ ಫ್ರೆಂಚ್ ಬರಲ್ಲ. ಯಾವ ಭಾಷೆಯೂ ಬರಲ್ಲ. ಇಷ್ಟು ವರ್ಷ ನಿಮಗೆಲ್ಲ ನಾನೇ ಕಟ್ಟಿ ಹೇಳಿದ್ದು. ತಪ್ಪಾಯ್ತು."

ಹೇಳಿ ಕಣ್ಣು ಮುಚ್ಚಿದೆ. ಇದಕ್ಕಿಂತ ದೊಡ್ಡ ನಿಜ ನನ್ನ ಹತ್ತಿರ ಇರಲಿಲ್ಲ. ಕಣ್ಣು ಬಿಟ್ಟರೆ ಬಾಗಿಲು ಮುಚ್ಚಿಯೇ ಇತ್ತು.

"ಅದೇನು ಹೊಸ ಸುದ್ದೀನಾ?" ಅಂದಳು ದ್ಯಾವಮ್ಮ. "ಹೋದ ವರ್ಷ ಆ ಜಪಾನಿನ ರಾಜ ರಾಗಿಮುದ್ದೆ ಮುರೀತಾ ನಮ್ಮೂರ ಗಾದೆ ಹೇಳ್ದಾಗ್ಲೇ ಊರಿಗೆಲ್ಲ ಗೊತ್ತಾಯ್ತಲ್ಲಣ್ಣ. ಬಾಗ್ಲು ಕೇಳ್ತಿರೋದು ಅದಲ್ಲ. ಸಿನಿಮಾ ಹೆಂಗಿತ್ತು ಅದನ್ನ ಹೇಳು."

ಕಿಟಕಿಯಾಚೆ ಎಲ್ಲರೂ ತಲೆಯಾಡಿಸಿದರು. ಗೊತ್ತಿತ್ತಂತೆ. ಗುರುಬಸಪ್ಪನವರನ್ನು ಬಿಟ್ಟು ಇಡೀ ಊರಿಗೆ ಗೊತ್ತಿತ್ತಂತೆ, ಅವರಿಗೆ ಮಾತ್ರ ಯಾರೂ ಹೇಳಿರಲಿಲ್ಲ, ಪಾಪ ನೊಂದುಕೊಳ್ಳುತ್ತಾರೆ ಅಂತ. ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಸಿನಿಮಾ ತುಂಬಾ ಚೆನ್ನಾಗಿತ್ತು ಅಂದೆ, ಬಾಗಿಲು ತೆರೆಯಲಿಲ್ಲ. ಚೆನ್ನಾಗಿರಲಿಲ್ಲ ಅಂದೆ, ತೆರೆಯಲಿಲ್ಲ. ಖಾಸೀಂ ಸಾಹೇಬರು ಅಂಚಿನ ವಿಷಯ ಹೇಳಿ ನೋಡು ಅಂದರು, ಹುಡುಗಿ ಬೆಕ್ಕು ಅನ್ನು ತಾತ ಅಂದಳು. ಊರಿನವರ ಅಭಿಪ್ರಾಯವನ್ನೆಲ್ಲ ಬೀಗದ ಕೈ ಗೊಂಚಲಿನ ಹಾಗೆ ಒಂದೊಂದಾಗಿ ಹಾಕಿ ನೋಡಿದೆ, ಒಂದೂ ಹೊಂದಲಿಲ್ಲ. ಸೋತು ಕಲ್ಲುಬೆಂಚಿನ ಮೇಲೆ ಕೂತೆ. ದ್ಯಾವಮ್ಮ ಮಜ್ಜಿಗೆ ತೂರಿಸಿದಳು.

ಅರ್ಧ ಲೋಟ ಮುಗಿಯುವ ಹೊತ್ತಿಗೆ ನಿಜ ಹೊಳೆಯಿತು. ನನಗೆ ಅಭಿಪ್ರಾಯವೇ ಇರಲಿಲ್ಲ. ಮೂವತ್ತೊಂದು ವರ್ಷದಲ್ಲಿ ನಾನು ಒಂದು ಸಿನಿಮಾವನ್ನೂ ನೋಡಿಲ್ಲ. ಯಾರ ತುಟಿ ಯಾವಾಗ ಆಡುತ್ತದೆ, ಎಲ್ಲಿ ಮಾತು ತುಂಬಬೇಕು ಅಂತ ನೋಡಿದ್ದೇನೆಯೇ ಹೊರತು ಸಿನಿಮಾ ನೋಡಿಲ್ಲ. ಅದನ್ನು ಕಿಟಕಿಯಲ್ಲಿ ಹೇಳಿದಾಗ ಅಗ್ನೇಸಮ್ಮ ಜನರನ್ನು ಸರಿಸಿಕೊಂಡು ಮುಂದೆ ಬಂದು, ಒಳಗೆ ಬರಲು ಅಡ್ಡಿಯಿಲ್ಲವಲ್ಲ ಅಂತ ಕೇಳಿ, ಒಳಗೆ ಬಂದೇಬಿಟ್ಟರು. ದಸ್ತಗಿರಿಗೆ ಇನ್ನೊಂದು ಸಲ ಓಡಿಸಲು ಹೇಳಿದರು. ಅವರು ಬಂದದ್ದು ನೋಡಿ ಓಬಳೇಶ ಬಂದ, ಅವನು ಬಂದದ್ದು ನೋಡಿ ಸಾವಂತ್ರಿ ಬಂದಳು, ಹತ್ತು ನಿಮಿಷದಲ್ಲಿ ಟಾಕೀಸು ಮತ್ತೆ ತುಂಬಿತು. ಈ ಸಲ ಎಡ ಬಲ ಅಂತ ನೋಡದೆ ಸಿಕ್ಕಿದಲ್ಲಿ ಕೂತರು.

ಅಗ್ನೇಸಮ್ಮ ನನ್ನ ಸ್ಟೂಲಿನ ಮೇಲೆ ಕೂತು ಮೈಕು ಹಿಡಿದರು. ನಾನು ಮೂರನೆಯ ಸಾಲಿನಲ್ಲಿ ಅವರಿದ್ದ ಕುರ್ಚಿಯಲ್ಲೇ ಕೂತೆ. ಕುರ್ಚಿ ಇಷ್ಟು ಮೆತ್ತಗಿರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಅವರು ಇದ್ದದ್ದು ಇದ್ದ ಹಾಗೆ ಹೇಳಿದರು, ಔಷಧದ ಹೊತ್ತು ಹೇಳುವಂಥ ಸಪಾಟು ದನಿಯಲ್ಲಿ. ಮರದ ಕೆಳಗೆ ಮುದ್ದರಂಗ ಬೆಕ್ಕಿಗೆ ಸಮಾಧಾನ ಹೇಳುತ್ತಿದ್ದಾನೆ ಅಂದುಕೊಂಡಿದ್ದೆ, ಅವನು ಬೆಕ್ಕಿನ ಹತ್ತಿರ ಕೈಮುಗಿದು, ಯಾರೋ ನೋಡುತ್ತಿದ್ದಾರೆ, ದಯವಿಟ್ಟು ಕಾಪಾಡಿಸಿಕೊ ಅನ್ನುತ್ತಿದ್ದನಂತೆ. ನನಗೆ ನಗು ಬಂತು. ಕೋಲೂರಿದ ಮುದುಕಿ ಅವನನ್ನು ದಾಟುವಾಗ, ಪಕ್ಕಕ್ಕೆ ಹಾರಪ್ಪ, ನನಗೆ ಹೊತ್ತಾಯಿತು ಅಂದಳಂತೆ. ಹೊಟ್ಟೆ ನೋಯುವಷ್ಟು ನಕ್ಕೆ. ಪಕ್ಕದಲ್ಲಿ ಸಾವಂತ್ರಿ ಕೂಡ ನಗುತ್ತಿದ್ದಳು, ಕೋಪ ಬಂದವರ ಹಾಗೆ ಮುಖ ಗಂಟು ಹಾಕಿಕೊಂಡೇ ನಗುತ್ತಿದ್ದಳು.

ಆಸ್ಪತ್ರೆ ಬಂತು. ಅಗ್ನೇಸಮ್ಮ ಸ್ವಲ್ಪ ತಡೆದರು. ಆ ಮುದುಕಿ ಅವನ ತಾಯಿಯಲ್ಲ, ಅವನು ತಪ್ಪಿ ಬೇರೆ ವಾರ್ಡಿಗೆ ನುಗ್ಗಿದ್ದಾನೆ ಅಂದರು. ಆಮೇಲೆ ಮುದುಕಿಯ ಮಾತು ಹೇಳಿದರು. "ತಮ್ಮಾ, ನಿನ್ನ ಚಡ್ಡಿ ಹಿಂದುಮುಂದಾಗಿದೆ."

ಟಾಕೀಸಿನ ತಗಡು ಹಾರಿಹೋಗುವ ಹಾಗೆ ನಗು. ನಕ್ಕವರು ಅತ್ತವರ ಬೆನ್ನು ತಟ್ಟಿದರು, ಅತ್ತವರು ಈಗ ನಗುವಿಗೇ ಅತ್ತರು. ನಾನೂ ಕೆಮ್ಮು ಬರುವವರೆಗೆ ನಕ್ಕೆ. ನಕ್ಕು ಮುಗಿದ ಮೇಲೆ ಮಾತ್ರ, ಸಾರು ತಣ್ಣಗಾಗಲು ಬಿಟ್ಟು ಹುಡುಕಿದ ಆ ತಾಯಿ ಎಲ್ಲಿ ಹೋದಳು ಅಂತ ಅನ್ನಿಸಿತು. ಕೊನೆಯಲ್ಲಿ ಕಬ್ಬಿಣದ ಮೀಸೆಯವನು ಒಂದು ಕುರ್ಚಿ ಹತ್ತಿ ನಿಂತುಬಿಡುತ್ತಾನೆ, ಅಷ್ಟಕ್ಕೇ ಮುದ್ದರಂಗನ ಕೈಗೆ ಸಿಗದೆ ಹೋಗುತ್ತಾನೆ, ಕಡೆಗೆ ಅವನ ಮೀಸೆಯೇ ದೀಪದ ಕಂಬಕ್ಕೆ ಅಂಟಿಕೊಂಡು ಸಿಕ್ಕಿಬೀಳುತ್ತಾನೆ. ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ.

ಈ ಸಲ ನನ್ನನ್ನೇ ಮೊದಲು ಬಾಗಿಲಿಗೆ ಬಿಟ್ಟರು. ಧೈರ್ಯವಾಗಿ ನಿಂತು, ಸಿನಿಮಾ ಚೆನ್ನಾಗಿತ್ತು, ನಕ್ಕು ನಕ್ಕು ಸಾಕಾಯಿತು ಅಂದೆ. ಬಾಗಿಲು ಕಿರ್ ಅಂದಿತು, ಎರಡು ಬೆರಳು ತೆರೆಯಿತು, ಅಲ್ಲೇ ನಿಂತಿತು. ಅಗ್ನೇಸಮ್ಮ ಚೆನ್ನಾಗಿ ಹೇಳಿದರು ಅಂದೆ. ಎರಡೇ ಬೆರಳು. ನನ್ನದು ತಪ್ಪು, ಅವರದ್ದು ಸರಿ ಅಂದೆ. ತೆರೆದಿದ್ದ ಎರಡು ಬೆರಳೂ ಮುಚ್ಚಿಕೊಂಡಿತು. ಹಿಂದೆ ನಾನೂರು ಜನ, ಅವರ ಮುಂದೆ ಸ್ಟೂಲಿಗೆ ಬರಲಿರುವ ಆ ಒಳ್ಳೆಯ ಹೆಂಗಸು. ಹೇಳಬೇಕಾದ ಮಾತು ಗಂಟಲಲ್ಲೇ ಇತ್ತು, ಆದರೆ ಅದನ್ನು ಹೇಳುವುದು ಮರ್ಯಾದೆಯಾ? ದ್ಯಾವಮ್ಮ ಕಿಟಕಿಯಿಂದ ಇನ್ನೊಂದು ಲೋಟ ಮಜ್ಜಿಗೆ ತೂರಿಸಿದ್ದು ನೋಡಿ ನನಗೆ ರೇಗಿಹೋಯಿತು.

"ಚೆನ್ನಾಗಿತ್ತು ಕಣ್ರೀ, ಇಲ್ಲ ಅಂದೋರ್ಯಾರು? ಆದ್ರೆ ನಾನು ಹೇಳಿದ್ದೇ ಇದಕ್ಕಿಂತ ಚೆನ್ನಾಗಿತ್ತು!"

ಬಾಗಿಲು ತೆರೆದ ರಭಸಕ್ಕೆ ಗೋಡೆಗೆ ಬಡಿದು ಸುಣ್ಣ ಉದುರಿತು. ನಾನು ಬೆಪ್ಪನ ಹಾಗೆ ಹೊಸ್ತಿಲ ಮೇಲೆ ನಿಂತೆ. ಹಿಂದಿನಿಂದ ಬಂದ ನಗು, ಶಿಳ್ಳೆ, ಚಪ್ಪಾಳೆಗೆ ಜಗಲಿಯ ಮೇಲಿದ್ದ ಪಾರಿವಾಳಗಳೆಲ್ಲ ಎದ್ದವು. ನನ್ನ ಹಿಂದೆಯೇ ಬಂದ ಸಾವಂತ್ರಿ, ನನಗೂ ವಿರುಪಣ್ಣ ಹೇಳಿದ ತಾಯಿಯೇ ಬೇಕು, ಚಡ್ಡಿ ಬೇಡ ಅಂದಳು, ಬಾಗಿಲು ಅವಳನ್ನೂ ಬಿಟ್ಟಿತು. ಓಬಳೇಶ ಚಡ್ಡಿಯೇ ಬೇಕು ಅಂದ, ಅವನನ್ನೂ ಬಿಟ್ಟಿತು. ಇಬ್ಬರೂ ಜೊತೆಯಾಗಿ ಹೋಟೆಲು ತೆಗೆಯಲು ಹೋದರು. ಆ ಸಂಜೆ ಊರಿಗೆಲ್ಲ ಚಟ್ನಿ ಇತ್ತು.

ಗುರುಬಸಪ್ಪನವರು ಮಾರನೆಯ ದಿನ ಇನ್ನೊಂದು ಸ್ಟೂಲು ಮಾಡಿಸಲು ಹೇಳಿದರು. ಈಗ ಮ್ಯಾಟಿನಿಗೆ ಅಗ್ನೇಸಮ್ಮ, ಸಂಜೆ ಆಟಕ್ಕೆ ನಾನು. ಅವರು ಇದ್ದದ್ದು ಹೇಳುತ್ತಾರೆ, ನಾನು ಇರಬೇಕಾದದ್ದು ಹೇಳುತ್ತೇನೆ. ಫ್ರೆಂಚ್ ಅಲ್ಲದ ಸಿನಿಮಾ ಬಂದರೆ ಅವರಿಗೂ ಗೊತ್ತಾಗುವುದಿಲ್ಲ, ಆಗ ಇಬ್ಬರೂ ಗುರುವಾರ ಒಟ್ಟಿಗೆ ಕೂತು ನೋಡಿ, ಯಾರು ಯಾರ ತಾಯಿ ಅಂತ ಜಗಳವಾಡುತ್ತೇವೆ. ಹಿಂದಿನ ಮೆಟ್ಟಿಲು ಹೊಸದಾಗಿ ಬಂದು ಎಷ್ಟೋ ತಿಂಗಳಾಯಿತು, ನಾನು ಒಂದು ಸಲವೂ ಇಳಿದಿಲ್ಲ.

ಮುದ್ದರಂಗನ ಸಿನಿಮಾದ ಕೊನೆಯ ದಿನ ಅಗ್ನೇಸಮ್ಮ ಸಂಜೆಯ ಆಟಕ್ಕೆ ಬಂದು ಮೂರನೆಯ ಸಾಲಿನಲ್ಲಿ ಕೂತಿದ್ದರು. ನನಗೆ ಹುರುಪು ಬಂದು ಆ ದಿನ ತಾಯಿಗೆ ಇನ್ನೂ ಎರಡು ಮಾತು ಸೇರಿಸಿದೆ. ಮುಗಿದ ಮೇಲೆ ನಾನು ಹೇಳಿ ಹೊರಗೆ ಬಂದು ಅವರಿಗಾಗಿ ಜಗಲಿಯಲ್ಲಿ ಕಾದೆ. ಅವರು ಬಾಗಿಲಿಗೆ ಬಂದು, ನನ್ನ ಕಡೆ ನೋಡಿ, "ಒಪ್ಪಿದೆ ವಿರುಪಣ್ಣ, ನಿಮ್ಮದೇ ಚೆನ್ನಾಗಿದೆ," ಅಂದರು.

ಬಾಗಿಲು ತೆರೆಯಲಿಲ್ಲ. ಅವರು ಸೀರೆಯ ಸೆರಗು ಬಾಯಿಗೆ ಒತ್ತಿ ನಗು ತಡೆಯುತ್ತ ಕಲ್ಲುಬೆಂಚಿನ ಮೇಲೆ ಕೂತರು. ನನಗೆ ಒಂದಿಷ್ಟೂ ಬೇಜಾರಾಗಲಿಲ್ಲ. ಸುಳ್ಳು ಹೇಳಿದರೆ ಸಿಕ್ಕಿಕೊಳ್ಳುತ್ತೇನೆ ಅಂತ ಈಗ ಅವರಿಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೂ ನನಗೋಸ್ಕರ ಎರಡನೆಯ ಸಲ ಹೇಳಿದ್ದರು. ದ್ಯಾವಮ್ಮನ ಹತ್ತಿರ ಎರಡು ಲೋಟ ಮಜ್ಜಿಗೆ ತೆಗೆದುಕೊಂಡು ಮತ್ತೆ ಒಳಗೆ ಹೋಗಿ ಅವರ ಪಕ್ಕ ಕೂತೆ. ಇಬ್ಬರಿಗೂ ಹೊರಗೆ ಹೋಗುವ ಅವಸರವಿರಲಿಲ್ಲ.